ಕಾಡಿದವಳೇ ಅತ್ತಿಗೆಯಾಗಿ ಬಂದಳು

ನನ್ನೂರು ಮಸ್ಕಿ. ಇದನ್ನು ಬರೆಯುವುದು ಸುಲಭ, ಬಾಯಿಬಿಟ್ಟು ಹೇಳುವುದು ನನಗೆ ಬಹಳ ವರ್ಷ ಕಷ್ಟವಾಗಿತ್ತು. ಚಿಕ್ಕಂದಿನಿಂದಲೂ ನನಗೆ ಮಾತು ತಡೆಯುತ್ತಿತ್ತು. ಅದರಲ್ಲೂ ‘ಮ’ ಅಕ್ಷರದಿಂದ ಶುರುವಾಗುವ ಮಾತು ಬಂದರೆ ತುಟಿಗಳು ಅಂಟಿಕೊಂಡು ಬಿಡುತ್ತಿದ್ದವು. ಮನೆಯಲ್ಲಿ ಇದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ನಮ್ಮ ಕಾಕಾನಿಗೂ ಹಾಗೇ ಇತ್ತು. ಅಪ್ಪನ ಗೊಬ್ಬರದಂಗಡಿಯಲ್ಲಿ ಅವನು ಗಿರಾಕಿಗಳ ಜೊತೆ ತಡೆದು ತಡೆದೇ ಮಾತಾಡುತ್ತಿದ್ದ. ರೈತರು ಬೀಡಿ ಹಚ್ಚಿಕೊಂಡು ಅವನ ಮಾತು ಮುಗಿಯುವವರೆಗೆ ನಿಂತಿರುತ್ತಿದ್ದರು. ಹಾಗಾಗಿ ಎಂಟನೇ ತರಗತಿಗೆಂದು ಲಿಂಗಸುಗೂರಿನ ಹಾಸ್ಟೆಲ್ ಸೇರುವವರೆಗೆ, ಇದು ನಾಲ್ಕು ಜನ ನಗುವಂಥ ಸಂಗತಿ ಎಂದು ನನಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವಳು ಸಾಲಗುಂದದಿಂದ ಬಂದಿದ್ದ ಒಬ್ಬ ಹುಡುಗಿ. ನನ್ನದೇ ತರಗತಿ, ನನ್ನದೇ ಕೋಣೆ. ಎತ್ತರದ ಆಳು, ಎರಡು ದಪ್ಪ ಜಡೆ, ಕೋಣೆಗೆ ಕಾಲಿಡುವ ಮೊದಲೇ ಕೇಳಿಸುವ ದನಿ. ಹಾಸ್ಟೆಲಿನ ಹಿಂದೆ ಇದ್ದದ್ದು ಒಂದೇ ನಳ. ಬೆಳಗ್ಗೆ ನೀರು ಬಿಟ್ಟಾಗ ಅವಳು ನಳದ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತುಬಿಡುತ್ತಿದ್ದಳು. ನಾನು ಕೊಡ ಹಿಡಿದು ಹೋದರೆ ಕೇಳುವಳು:

“ಯಾವೂರ್ಲೇ ನಿಂದು?”

ಅವಳಿಗೆ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಮ... ಮ... ಮ...”

“ಆಡಿನ ಮರಿ ಬಂದೈತಿ, ಯಾರರ ನೀರು ಕುಡಿಸ್ರಿ ಅದಕ್ಕ.”

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಊರಿನ ಹೆಸರು ಪೂರ್ತಿ ಹೇಳುವವರೆಗೆ ನನಗೆ ನೀರು ಸಿಗುತ್ತಿರಲಿಲ್ಲ. ಎಷ್ಟೋ ದಿನ ಮುಖ ತೊಳೆಯದೆ ಶಾಲೆಗೆ ಹೋಗಿದ್ದೇನೆ. ಅವ್ವ ಡಬ್ಬಿಯಲ್ಲಿ ತುಂಬಿ ಕಳಿಸುತ್ತಿದ್ದ ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಅವಳು ನನ್ನನ್ನು ಕೇಳದೆಯೇ ತೆಗೆದು ಎಲ್ಲರ ತಟ್ಟೆಗೂ ಬಡಿಸುತ್ತಿದ್ದಳು, ತನ್ನ ಮನೆಯಿಂದ ಬಂದಿದ್ದು ಅನ್ನುವ ಹಾಗೆ. ಅದರಿಂದ ಅವಳನ್ನು ಎಲ್ಲರೂ ಧಾರಾಳಿ ಎಂದೇ ತಿಳಿದಿದ್ದರು. ರಜೆಗೆ ಊರಿಗೆ ಬಂದಾಗ ಅವ್ವ, “ಹಿಂಡಿ ಸಾಲ್ತೇನು?” ಎಂದು ಕೇಳಿದರೆ ಸಾಕಾಯಿತು ಅನ್ನುತ್ತಿದ್ದೆ. ಮನೆಯಲ್ಲಿ ಹೇಳಲು ನಾಚಿಕೆ. ಹೇಳಬೇಕಾದರೂ ಮತ್ತೆ ಮಾತೇ ಆಡಬೇಕಲ್ಲ.

ಇದು ನಿಂತದ್ದು ಒಂಬತ್ತನೇ ತರಗತಿಯ ಮಳೆಗಾಲದಲ್ಲಿ. ಅದು ಹೇಗೆ ನಿಂತಿತು ಎಂಬುದನ್ನು ನಾನು ನನ್ನೊಳಗೆ ಬಹಳ ಚೆಂದದ ಕತೆ ಮಾಡಿ ಇಟ್ಟುಕೊಂಡಿದ್ದೆ. ಹಾಡುವಾಗ ನನಗೆ ಮಾತು ತಡೆಯುವುದಿಲ್ಲ. ಅದನ್ನು ಶಾಲೆಯ ಪ್ರಾರ್ಥನೆಯಲ್ಲಿ ಗಮನಿಸಿದ್ದೆ. ಒಂದು ದಿನ ನಳದ ಹತ್ತಿರ ಅವಳು ಅದೇ ಪ್ರಶ್ನೆ ಕೇಳಿದಾಗ ನಾನು ತಲೆ ಎತ್ತಿ, ಅವಳ ಕಣ್ಣು ನೋಡಿ, ತುಸು ರಾಗ ಎಳೆದು ‘ಮಸ್ಕಿ’ ಅಂದುಬಿಟ್ಟೆ. ಒಂದೇ ಉಸಿರಿಗೆ ಬಂತು. ಅವಳು ಏನೂ ಅನ್ನದೆ ಕಟ್ಟೆಯಿಂದ ಇಳಿದು ಪಕ್ಕಕ್ಕೆ ಸರಿದಳು. ಆಮೇಲೆ ಮತ್ತೆಂದೂ ಕೇಳಲಿಲ್ಲ. ಹಿಂಡಿಯ ಡಬ್ಬಿಯನ್ನೂ ಮುಟ್ಟಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಕಾಡುವವರ ಕಣ್ಣನ್ನು ದಿಟ್ಟಿಸಿ ನೋಡಿದರೆ ಅವರು ಸೋಲುತ್ತಾರೆ ಎಂದು ನಂಬಿಕೊಂಡೇ ದೊಡ್ಡವಳಾದೆ.

ಹತ್ತನೆಯದು ಮುಗಿಸಿ ಮಸ್ಕಿಗೆ ಮರಳಿ ಹೊಲಿಗೆ ಕಲಿತೆ. ಮದುವೆಯಾಗಿ ಸಿಂಧನೂರಿಗೆ ಬಂದೆ. ನನ್ನ ಗಂಡ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ನನ್ನ ಮದುವೆಯಾದ ಮರುವರ್ಷ ಅಣ್ಣನಿಗೆ ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಸಾಲಗುಂದದಲ್ಲಿ ಒಳ್ಳೆಯ ಮನೆತನ ಇದೆ, ಹುಡುಗಿ ಕಲಿತವಳು ಎಂದು ಯಾರೋ ಹೇಳಿದರು. ನಾನೂ ಹೋದೆ. ಸಾಲಗುಂದ ಅಂದಾಗ ನೆನಪಾಗದೆ ಇರಲಿಲ್ಲ. ಆದರೆ ಅಷ್ಟು ದೊಡ್ಡ ಊರಿನಲ್ಲಿ ಅವಳೇ ಏಕಿರಬೇಕು ಎಂದು ಸುಮ್ಮನಿದ್ದೆ.

ಅವಳೇ ಇದ್ದಳು. ಸೆರಗು ಹೊದ್ದು, ಒಗ್ಗರಣಿ ಮಂಡಾಳು, ಅಂದರೆ ಮಂಡಕ್ಕಿ ತುಂಬಿದ ತಟ್ಟೆಗಳನ್ನು ಹಿಡಿದು ಪಡಸಾಲೆಗೆ ಬಂದವಳು ನನ್ನನ್ನು ನೋಡಿ ಅರೆಗಳಿಗೆ ನಿಂತಳು. ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದಾದವು. ಮಗುವಿನ ತಾಯಿಯಾಗಲಿದ್ದವಳು ನಾನು, ಆದರೂ ಆ ಕ್ಷಣ ಖಾಲಿ ಕೊಡ ಹಿಡಿದು ನಿಂತ ಹಾಗೆ ಅನಿಸಿತು.

ನಮ್ಮಣ್ಣನದು ಮಾತು ಕಡಿಮೆ. ಏನಾದರೂ ಕೇಳಬೇಕಲ್ಲ ಎಂದು, “ಅಡಗಿ ಬರ್ತೈತೇನ್ರಿ?” ಅಂದ.

“ಬರ್ತೈತ್ರಿ. ನಿಮಗ ಉಣ್ಣಾಕ ಬರ್ತೈತೇನು?”

ಅವಳ ಅಪ್ಪನ ಮುಖ ಕಪ್ಪಿಟ್ಟಿತು. ಅವಳ ಅವ್ವ ಒಳಗಿನಿಂದಲೇ ಬಳೆ ಸದ್ದು ಮಾಡಿ ಎಚ್ಚರಿಸಿದಳು. ಆದರೆ ನಮ್ಮಣ್ಣ ನಕ್ಕುಬಿಟ್ಟ. ಮಂಡಾಳು ನೆತ್ತಿಗೆ ಹತ್ತಿ ಕೆಮ್ಮು ಬರುವಷ್ಟು ನಕ್ಕ. ಅವನು ಹಾಗೆ ನಕ್ಕದ್ದನ್ನು ನಮ್ಮ ಮನೆಯವರು ಯಾರೂ ಕಂಡಿರಲಿಲ್ಲ.

ಹೆಂಗಸರು ಒಳಗೆ ಕೂತಾಗ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಬೇಡಿಕೊಳ್ಳುವ ದನಿ ಅದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ.

“ನೀ ಬ್ಯಾಡ ಅಂದ್ರ ಇದು ಇಲ್ಲಿಗೇ ನಿಲ್ತೈತಿ. ನನಗ ಗೊತ್ತೈತಿ.”

“ನಮ್ಮಣ್ಣ ನಕ್ಕಿದ್ದು ನೋಡಿದ್ಯೇನು?”

“ನೋಡಿದೆ.”

“ಮ... ಮ... ಮತ್ತ ನಾ ಏನು ಹೇಳ್ಲಿ?”

ಅವಳು ಕಣ್ಣು ಕೆಳಗೆ ಹಾಕಿದಳು. ಬಸ್ಸಿನಲ್ಲಿ ಮರಳುವಾಗ ಅಪ್ಪ, ಹುಡುಗಿ ಹೇಗೆ ಎಂದು ನನ್ನನ್ನೇ ಕೇಳಿದ. “ಭಾಳ ಜೋರದಾಳ,” ಎಂದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತ, “ನಮ್ಮನ್ಯಾಗ ಒಬ್ಬರರ ಜೋರಿನವ್ರು ಬೇಕವ್ವ. ಎಲ್ಲಾ ಮೆತ್ತಗಿನ ಮಂದಿ ಕೂಡೀವಿ,” ಎಂದ. ಅಲ್ಲಿಗೆ ಮುಗಿಯಿತು.

ನಿಜ ಹೇಳಬೇಕೆಂದರೆ ಅವಳು ಬಂದ ಮೇಲೆ ನಮ್ಮ ಮನೆ ಚಿಗುರಿತು. ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಗಂಡಸರೆಲ್ಲ ಕಟ್ಟೆಯ ಮೇಲೆ ಕೂತು ಚರ್ಚೆ ಮಾಡುತ್ತಿದ್ದರೆ, ಅತ್ತಿಗೆ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಕರೆಂಟಿನವರ ಆಫೀಸಿನ ಮುಂದೆ ಕಾಯಿಪಲ್ಯ ಸೋಸುತ್ತ ಕೂತಳಂತೆ. ಸಂಜೆಗೆ ಹೊಸದು ಬಂತು. ಕುಡಿಯುವ ನೀರು ನಮ್ಮ ಓಣಿಗೆ ತಪ್ಪಿದರೆ ನೀರು ಬಿಡುವವನು ಬೇರೆ ಬೀದಿಯಿಂದ ಸುತ್ತಿ ಹೋಗುತ್ತಿದ್ದ, ಇವಳ ಕಣ್ಣಿಗೆ ಬೀಳಬಾರದೆಂದು. ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದಾಗ ಅವಳನ್ನು ಎತ್ತಿ ಕೂಡಿಸಿ, ಮೈ ತೊಳೆದು, ತಲೆ ಬಾಚಿದವಳು ಅತ್ತಿಗೆ. ಬೈಯುತ್ತಲೇ ಮಾಡಿದಳು. “ಸೊಂಟ ಮುರಕೊಂಡ್ರ ಸುಮ್ನ ಬಿಡ್ತೀನೇನು, ಏಳ್ರಿ, ಗ್ವಾಡಿ ಹಿಡೀರಿ,” ಎಂದು ಗದರಿ ಗದರಿ ಅವ್ವನನ್ನು ಅಂಗಳದವರೆಗೆ ನಡೆಸಿದಳು. ಅವ್ವ ನನಗೆ ಫೋನ್ ಮಾಡಿ ಸೊಸೆಯ ಮೇಲೆ ಚಾಡಿ ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ನನ್ನನ್ನು ಅಳಿಸಿದ ಅದೇ ದನಿ, ಅದೇ ಸೊಂಟದ ಮೇಲಿನ ಕೈ. ಈಗ ಅದು ನಮ್ಮ ಕಡೆ ನಿಂತಿತ್ತು, ಅಷ್ಟೇ ವ್ಯತ್ಯಾಸ. ನನಗೆ ಅವಳು ಸೇರತೊಡಗಿದಳು. ಯಾವಾಗಿನಿಂದ ಎಂದು ಹೇಳಲಾರೆ. ನಾನು ತವರಿನಿಂದ ಹೊರಡುವಾಗ ಪ್ರತಿ ಸಲವೂ ದೊಡ್ಡ ಡಬ್ಬಿ ತುಂಬ ಶೇಂಗಾ ಹಿಂಡಿ ತುಂಬಿ, ನನ್ನ ಚೀಲದ ತಳದಲ್ಲಿ ತಾನೇ ಇಡುತ್ತಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹಾಸ್ಟೆಲಿನ ಮಾತನ್ನು ಅಷ್ಟೂ ವರ್ಷ ಇಬ್ಬರೂ ಎತ್ತಿರಲಿಲ್ಲ.

ನನ್ನ ಅಂಗಡಿಗೆ ಕಾಲೇಜಿನ ಹುಡುಗಿಯರು ಬರುತ್ತಾರೆ. ಅಳತೆ ಕೊಡಲು ನಿಂತಾಗ ಮನಸ್ಸಿನ ಮಾತೂ ಹೊರಗೆ ಬರುತ್ತದೆ. ಒಬ್ಬಳನ್ನು ಜೊತೆಯವರು ಬಣ್ಣ ಹಿಡಿದು ಆಡಿಕೊಳ್ಳುತ್ತಾರೆ, ಇನ್ನೊಬ್ಬಳನ್ನು ಚಪ್ಪಲಿ ನೋಡಿ. “ಅಂಥವ್ರೇ ಜೀವನದಾಗ ಮುಂದ ಬರ್ತಾರೇನ್ರಿ ಅಕ್ಕಾ?” ಎಂದು ಕೇಳುತ್ತಾರೆ. ನಾನು ನಳದ ಕತೆ ಹೇಳಿ, “ಕಣ್ಣಾಗ ಕಣ್ಣಿಟ್ಟು ನೋಡು, ತಾನ ಸರೀತಾಳ,” ಎನ್ನುತ್ತಿದ್ದೆ. ಆ ಕಾಡಿದವಳು ಈಗ ನಮ್ಮ ಅತ್ತಿಗೆ ಎಂದರೆ ಹುಡುಗಿಯರು ನಂಬುತ್ತಿರಲಿಲ್ಲ.

ಅಣ್ಣನಿಗೆ ಒಬ್ಬಳೇ ಮಗಳು. ಮಾತು ಬರುವ ವಯಸ್ಸಿಗೆ ಮಾತು ಬಂತು, ಜೊತೆಗೆ ತಡೆಯೂ ಬಂತು. ಅವಳಿಗೆ ‘ಕ’ ಕಷ್ಟ. ಓಣಿಯ ಒಬ್ಬ ಮುದುಕಿ ಯಾರಿಂದಲೋ ಹಳೆಯ ವಿಷಯ ಕೇಳಿ ತಿಳಿದವಳು, ಅತ್ತಿಗೆ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಬಂದಷ್ಟು ಸಿಟ್ಟು ಅತ್ತಿಗೆಗೂ ಬರಲಿಕ್ಕಿಲ್ಲ. ನಮ್ಮ ಕಾಕಾ ಯಾರ ಶಿಕ್ಷೆ, ನಾನು ಯಾರ ಶಿಕ್ಷೆ? ಮೂಗು, ಕಣ್ಣು ಬಂದ ಹಾಗೆ ಇದೂ ನಮ್ಮ ಮನೆಯಿಂದ ಆ ಕೂಸಿಗೆ ಬಂದದ್ದು. ಯಾರದೋ ತಪ್ಪಿಗೆ ಮಗುವನ್ನು ತೂಕಕ್ಕೆ ಹಾಕುವ ದೇವರನ್ನು ನಾನು ಪೂಜಿಸುವುದಿಲ್ಲ. ಮುದುಕಿಗೆ ಅದನ್ನು ತಡೆಯಿಲ್ಲದೆ ಹೇಳಿದೆ ಎಂದು ನೆನಪು.

ಅಣ್ಣನ ಮಗಳು ಏಳನೇ ತರಗತಿಯಲ್ಲಿದ್ದಾಗ, ಅಂದರೆ ಹೋದ ವರ್ಷ, ಎಳ್ಳಮವಾಸ್ಯೆಗೆ ಮಸ್ಕಿಗೆ ಹೋಗಿದ್ದೆ. ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಪೂಜೆ ಮಾಡಿ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಎಲ್ಲರೂ ಉಂಡೆವು. ಗಂಡಸರು ಕಂಬಳಿ ಹಾಸಿಕೊಂಡು ಅಡ್ಡಾದರು. ಹುಡುಗಿ ಸರಿಯಾಗಿ ಉಂಡಿರಲಿಲ್ಲ. ನಾನು ಒತ್ತಾಯ ಮಾಡಿ ಕೇಳಿದಾಗ ಅಣ್ಣನ ಫೋನ್ ತೆಗೆದು ತೋರಿಸಿದಳು. ತರಗತಿಯಲ್ಲಿ ಅವಳು ಎದ್ದು ನಿಂತು ಪಾಠ ಓದುತ್ತಿರುವುದನ್ನು ಯಾರೋ ಕದ್ದು ವಿಡಿಯೋ ಮಾಡಿ, ತರಗತಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ‘ಕಾವೇರಿ’ ಎಂಬ ಪದದ ಹತ್ತಿರ ಅವಳು ಸಿಕ್ಕಿಕೊಂಡಿದ್ದಳು. ಕೆಳಗೆ ನಗುವ ಮುಖಗಳ ಸಾಲು. ಒಬ್ಬಳು ಕಾಗೆಯ ಚಿತ್ರ ಹಾಕಿದ್ದಳು.

ಅತ್ತಿಗೆ ಅದನ್ನು ನೋಡಿ, ಕೂಡಲೇ ಚಪ್ಪಲಿ ಮೆಟ್ಟಿದಳು.

“ಯಾವಾಕಿ ಅಕಿ? ಅಕಿ ಮನಿ ಎಲ್ಲೈತಿ ತೋರ್ಸು. ಈಗ ಹೋಗೂನು.”

“ಬ್ಯಾಡವ್ವ. ನೀ ಹೋದ್ರ ಇನ್ನೂ ಹೆಚ್ಚು ಮಾಡ್ತಾರ.”

“ಹೆಂಗ ಮಾಡ್ತಾರ ನೋಡ್ತೀನಿ.”

“ಮಾಡ್ತಾರವ್ವ.” ಹುಡುಗಿ ಅಳಲಿಲ್ಲ. ಹುಲ್ಲುಕಡ್ಡಿ ಮುರಿಯುತ್ತ ಕೂತಿದ್ದಳು. “ಒಂದು ತಿಳೀವಲ್ದು ನನಗ. ನಾ ಅವರಿಗೆ ಏನೂ ಮಾಡಿಲ್ಲ. ಹಿಂಗ ಮಾಡಿದ್ರ ಅವರಿಗೆ ಏನು ಸಿಗ್ತೈತಿ?”

ಅವಳು ಕೇಳಿದ್ದು ನನ್ನನ್ನು. ನಾನು ಕಾಡಿಸಿಕೊಂಡವಳು. ಕಾಡುವವರಿಗೆ ಏನು ಸಿಗುತ್ತದೆ ಎಂದು ನನಗೆ ಹೇಗೆ ಗೊತ್ತಿರಬೇಕು? ಆ ಹೊಲದಲ್ಲಿ ಅದು ಗೊತ್ತಿದ್ದವಳು ಒಬ್ಬಳೇ. ಅವಳು ಮೆಟ್ಟಿದ ಚಪ್ಪಲಿ ಬಿಟ್ಟು ಮತ್ತೆ ಚಾಪೆಯ ಮೇಲೆ ಕೂತಳು. ತಾಟಿನಲ್ಲಿದ್ದ ಸಜ್ಜಿ ರೊಟ್ಟಿಯ ಚೂರುಗಳನ್ನು ಒಂದು ಕಡೆ ಸರಿಸಿದಳು.

“ಮಜಾ ಸಿಗ್ತೈತಿ,” ಎಂದಳು.

ಹುಡುಗಿ ತಲೆ ಎತ್ತಿದಳು.

“ಖರೇ ಹೇಳಾಕತ್ತೀನಿ. ಮತ್ತೇನಿಲ್ಲ. ಎಲ್ಲಾರೂ ನಗ್ತಾರ, ನನ್ನ ಮಾತಿಗಿ ನಗ್ತಾರ ಅನ್ನಿಸ್ತೈತಿ. ನಾ ಮಾಡೀನಿ. ಈ ನಿಮ್ಮತ್ತೀಗೇ ಮಾಡೀನಿ. ಹಾಸ್ಟೆಲ್ನ್ಯಾಗ ನಳದ ಮುಂದ ಕುಂತು, ಊರ ಹೆಸರು ಹೇಳ್ದ ಹೊರ್ತು ನೀರು ಹಿಡಿಯಾಕ ಬಿಡ್ತಿದ್ದಿಲ್ಲ. ಆಡಿನ ಮರಿ ಅಂತಿದ್ದೆ.”

“ಅತ್ತಿ, ಖರೇನಾ?”

ಏನು ಹೇಳಲಿ? ಹೌದು ಎಂದು ತಲೆಯಾಡಿಸಿದೆ. “ಆಮ್ಯಾಲ ಬಿಟ್ಟಳವ್ವ. ಒಂದಿನ ನಾ ಅಕಿ ಕಣ್ಣು ನೋಡಿ ಹೇಳಿದೆ ನೋಡು, ಅವತ್ತ ಬಿಟ್ಟಳು,” ಎಂದು ಸೇರಿಸಿದೆ. ಹುಡುಗಿಗೆ ಧೈರ್ಯ ಬರಲಿ ಎಂದು.

ಅತ್ತಿಗೆ ನನ್ನತ್ತ ನೋಡಿದಳು. ಸುಳ್ಳು ಹೇಳಿ ದಾಟಬಹುದಾಗಿತ್ತು. ನಾನಾಗಿದ್ದರೆ ದಾಟುತ್ತಿದ್ದೆ.

“ಅದಕ್ಕಲ್ಲ ಬಿಟ್ಟಿದ್ದು. ನೀ ಯಾವಾಗ ನನ್ನ ಕಣ್ಣು ನೋಡ್ದಿ, ನನಗ ಖಬರಿಲ್ಲ. ಆ ವರ್ಷ ಕ್ಯಾಂಪಿನ ಹುಡುಗಿ ಬಂದಳಲ್ಲ, ಅಕಿ ಸಿಕ್ಕಳು. ಅದಕ್ಕ ನಿನ್ನ ಬಿಟ್ಟೆ.”

ಸಿಂಧನೂರಿನ ಹತ್ತಿರ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಬಂದಿದ್ದ ಬಂಗಾಲಿ ಹುಡುಗಿ ನನಗೆ ಮಸುಕಾಗಿ ನೆನಪಿದ್ದಳು. ಆ ವರ್ಷ ನನಗೆ ಮೇಲಿನ ಮಹಡಿಯಲ್ಲಿ ಬೇರೆ ಕೋಣೆ ಸಿಕ್ಕಿತ್ತು. ದೀಪಾವಳಿ ರಜೆಗೆ ಹೋದ ಆ ಹುಡುಗಿ ಮತ್ತೆ ಬರಲಿಲ್ಲ. ಹಾಸ್ಟೆಲಿನ ಊಟ ಸೇರಲಿಲ್ಲವಂತೆ ಎಂದು ಕೇಳಿದ್ದೆ. ಅವಳ ಕನ್ನಡ ಅಡ್ಡಾದಿಡ್ಡಿ ಇತ್ತು. ಅತ್ತಿಗೆ ಅದನ್ನು ಅಣಕಿಸುತ್ತಿದ್ದಳಂತೆ. ಅವಳು ಪಕ್ಕದಲ್ಲಿ ಕೂತರೆ ಮೀನು ನಾರುತ್ತದೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದಳಂತೆ. ಆ ಹಾಸ್ಟೆಲಿಗೆ ಮೀನು ಎಲ್ಲಿಂದ ಬರಬೇಕು? ಎಲ್ಲರೂ ಉಣ್ಣುತ್ತಿದ್ದದ್ದು ಅದೇ ಅನ್ನ, ಅದೇ ತಿಳಿಸಾರು.

ನನಗೆ ನಗು ಬಂತು. ಇಷ್ಟು ವರ್ಷ ಎದೆ ಉಬ್ಬಿಸಿಕೊಂಡು ಹೇಳಿಕೊಂಡು ಬಂದ ಗೆಲುವು ಗೆಲುವೇ ಆಗಿರಲಿಲ್ಲ. ನನ್ನ ಸರದಿ ಮುಗಿದು ಇನ್ನೊಬ್ಬಳದು ಶುರುವಾಗಿತ್ತು. ಎಷ್ಟು ಹುಡುಗಿಯರಿಗೆ ಆ ಉಪದೇಶ ಮಾಡಿ ಕಳಿಸಿದ್ದೆನೋ.

ಹುಡುಗಿ ಎದ್ದು ಹೋಗಿ ಅಪ್ಪನ ಪಕ್ಕ ಕೂತಳು. ಮನೆಗೆ ಮರಳುವಾಗ ತನ್ನವ್ವನ ಕೈ ಹಿಡಿಯಲಿಲ್ಲ. ಆಮೇಲೆ ವಾರದ ಮೇಲಾಯಿತು, ಅವಳು ಅವ್ವನ ಜೊತೆ ಮಾತೇ ಆಡಿರಲಿಲ್ಲ. ಅತ್ತಿಗೆ ನನಗೆ ಫೋನ್ ಮಾಡಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

“ಹೇಳಬಾರದಿತ್ತೇನು ನಾ?”

“ಹೇಳಿದ್ದು ಚೊಲೋ ಆತು,” ಎಂದೆ. “ಮಾತಾಡ್ತಾಳ ಬಿಡು. ಅಕಿ ಮಾತಾಡಿದಾಗ ನೀ ಒಂದು ಮಾಡು. ಅಕಿ ಮಾತು ನೀ ಮುಗಸಬ್ಯಾಡ.”

ಇದು ನಾನು ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತು. ಮಗಳು ‘ಕ’ ಎಂದ ಕೂಡಲೇ ಅತ್ತಿಗೆ “ಕಂಪಾಸೇನು? ಕಾಪಿಯೇನು? ಕಡ್ಲಿಯೇನು?” ಎಂದು ತಾನೇ ಪದಗಳನ್ನು ಸುರಿಯುತ್ತಿದ್ದಳು. ಪ್ರೀತಿಯಿಂದಲೇ ಮಾಡುತ್ತಿದ್ದಳು. ಆದರೆ ಮಾತು ತಡೆಯುವವರಿಗೆ ಅದಕ್ಕಿಂತ ಹಿಂಸೆ ಇಲ್ಲ. ನಮ್ಮ ಬಾಯಲ್ಲಿದ್ದ ತುತ್ತನ್ನು ಯಾರೋ ಕಸಿದು ತಾವೇ ನುಂಗಿದ ಹಾಗೆ. ಅತ್ತಿಗೆ ಇದನ್ನು ಕೇಳಿ, “ಸುಮ್ನ ಕುಂಡ್ರೂದು ನನಗ ಬರಂಗಿಲ್ಲಲ್ಲೇ,” ಎಂದಳು. ಅದೂ ನಿಜವೇ. ಕಡೆಗೆ ಅವಳೇ ಉಪಾಯ ಕಂಡುಕೊಂಡಳು. ಮಗಳು ಏನಾದರೂ ಹೇಳಲು ಬಂದರೆ ಬಾಯಿಗೆ ಒಂದು ಅಡಿಕೆ ಹೋಳು ಹಾಕಿಕೊಂಡು ತುಟಿ ಬಿಗಿದು ಕೂರುವುದು. ಮುಂದಿನ ಸಲ ಹೋದಾಗ ನೋಡಿದೆ. ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ, ಹುಬ್ಬಿನಲ್ಲೇ ಎಲ್ಲ ಮಾತನ್ನೂ ಆಡುತ್ತ ಕೂತಿದ್ದಳು. ಅಣ್ಣ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಹೊರಗೆ ಹೋದ.

ಮಗಳು ಮೊದಲು ಮಾತಾಡಿದಾಗ ಕೇಳಿದ್ದು ಮಾತ್ರ ಕಷ್ಟದ್ದು. “ಆ ಕ್ಯಾಂಪಿನಾಕಿ ಈಗ ಎಲ್ಲದಾಳ?” ಎಂದು ಕೇಳಿದಳಂತೆ.

ಅತ್ತಿಗೆಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದರೆ ಕ್ಯಾಂಪಿನ ಹೆಂಗಸರು ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬರುತ್ತಾರೆ. ಒಬ್ಬರನ್ನು ಕೇಳಿದರೆ ಹೆಸರು ಹಿಡಿದು ಮನೆಯನ್ನೇ ಹೇಳಿದರು. ಒಂದು ಭಾನುವಾರ ಅತ್ತಿಗೆ ಮಗಳನ್ನು ಕರೆದುಕೊಂಡು ಸಿಂಧನೂರಿಗೆ ಬಂದಳು. ಮೂವರೂ ಆಟೋ ಮಾಡಿಕೊಂಡು ಹೊರಟೆವು. ಕಾಲುವೆಗೆ ನೀರು ಬಿಟ್ಟಿದ್ದರು. ಎರಡೂ ಕಡೆ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದರು. ಅತ್ತಿಗೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಬಾಯಲ್ಲಿ ಅಡಿಕೆಯೂ ಇರಲಿಲ್ಲ.

ತಗಡಿನ ಮಾಡಿನ ಚೊಕ್ಕ ಮನೆ. ಅಂಗಳ ಸಾರಿಸಿ ನುಣುಪಾಗಿತ್ತು, ಹಿಂದೆ ಸಣ್ಣ ಕೆರೆ. ಮನೆಯಾಕೆ ಕಟ್ಟೆಯ ಮೇಲೆ ಕೂತು ಮೀನಿನ ಬಲೆಯ ಹರಿದ ಕಡೆ ನೂಲು ಹಾಕುತ್ತಿದ್ದಳು. ನಾವು ಗೇಟಿನ ಹತ್ತಿರ ನಿಂತಾಗ ತಲೆ ಎತ್ತಿ ನೋಡಿದಳು. ನನ್ನನ್ನು ದಾಟಿ ಅವಳ ಕಣ್ಣು ಅತ್ತಿಗೆಯ ಮೇಲೆ ನಿಂತಿತು.

“ಸಾಲಗುಂದದಾಕಿ ಅಲ್ಲೇನು ನೀ?”

“ಹೌದು.”

“ಭಾಳ ದಪ್ಪ ಆಗೀದಿ.”

ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಹಾಕಿದಳು. ನಾನೂ ಹುಡುಗಿಯೂ ಕೂತೆವು. ಅತ್ತಿಗೆ ನಿಂತೇ ಇದ್ದಳು.

“ನಾ ನಿನ್ನ ಕಾಡಿಸಿದ್ದೆ. ಅದನ್ನ ಹೇಳಾಕ ಬಂದೀನಿ.”

“ಗೊತ್ತೈತಲ್ಲ. ಕಾಡಿಸ್ಕೊಂಡಾಕಿ ನಾನ ಇದ್ದೆ.”

“ನೀ ಹಾಸ್ಟೆಲ್ ಬಿಟ್ಟಿದ್ದು ಅದಕ್ಕೇನು?”

“ಮತ್ಯಾತಕ್ಕ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಬಲೆಯ ಮೇಲೆ ಆಡುತ್ತಲೇ ಇತ್ತು. “ಊಟ ಸೇರವಲ್ದು ಅಂತ ಮನ್ಯಾಗ ಹೇಳ್ದೆ. ಬಾಬಾ, ನಮ್ಮಪ್ಪ, ನಂಬಿದ. ಆಮ್ಯಾಲ ಮತ್ತ ಸಾಲಿಗಿ ಕಳಸ್ಲಿಲ್ಲ. ನರ್ಸ್ ಆಗ್ಬೇಕಂತಿತ್ತು ನನಗ.”

ಅತ್ತಿಗೆಯ ಮುಖದ ಬಣ್ಣ ಇಳಿಯಿತು. ಒಬ್ಬಳ ಶಾಲೆಯೇ ನಿಂತುಹೋಗಿತ್ತು ಎಂಬುದು ಅವಳಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಅವಳು ಬಾಯಿ ತೆರೆದು, “ಮಾಫ್...” ಎಂದು ಶುರು ಮಾಡಿದಳು.

ಆಕೆ ಕೈಯೆತ್ತಿ ತಡೆದಳು. “ಅದನ್ನ ಕೇಳಬ್ಯಾಡ. ನೀ ಕೇಳಿದ್ರ ನಾ ಹೂಂ ಅನಬೇಕಾಗ್ತೈತಿ. ನನಗ ಅನ್ನಾಕ ಆಗೂದಿಲ್ಲ. ಮನಿಗಿ ಬಂದೀರಿ, ಕುಂಡ್ರು. ಚಾ ಮಾಡ್ತೀನಿ.”

ಅತ್ತಿಗೆ ಕೂತಳು. ಬೇರೆ ಯಾರು ಹಾಗೆ ಹೇಳಿದ್ದರೂ ಎದ್ದು ಬರುತ್ತಿದ್ದಳು. ಒದ್ದೆ ಬಲೆಯ ಒಂದು ತುದಿ ಅವಳ ಕುರ್ಚಿಯ ಕಾಲಿನ ಹತ್ತಿರವೇ ಬಿದ್ದಿತ್ತು. ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ಆಗ ಹುಡುಗಿ ಬಾಯಿಬಿಟ್ಟಳು.

“ನಿಮಗ ಕ... ಕ... ಕ...”

ಅತ್ತಿಗೆ ಲೋಟದೊಳಗೆ ನೋಡುತ್ತಿದ್ದಳು. ಆ ಮನೆಯಾಕೆ ಬಲೆಯನ್ನು ತೊಡೆಯ ಮೇಲಿಟ್ಟು, ಹುಡುಗಿಯ ಮುಖ ನೋಡುತ್ತ, ಅವಸರವೇ ಇಲ್ಲದವಳ ಹಾಗೆ ಕಾಯ್ದಳು.

“...ಕನ್ನಡ ಇಷ್ಟು ಚೊಲೋ ಯಾರು ಕಲಿಸಿದ್ರು?”

ಆಕೆ ಮೊದಲ ಸಲ ನಕ್ಕಳು. “ಗೊರೇಬಾಳದಿಂದ ನಾಟಿಗಿ ಬರ್ತಾರಲ್ಲ, ಆ ಹೆಣ್ಮಕ್ಕಳು. ತಪ್ಪು ಮಾತಾಡಿದ್ರ ಅವರೂ ನಗ್ತಿದ್ರು. ಆದ್ರ ನಕ್ಕು, ಹಿಂಗನ್ನು ಅಂತ ಹೇಳಿಕೊಡ್ತಿದ್ರು.” ಎದ್ದು ಹುಡುಗಿಯ ಕೈ ಹಿಡಿದು ಕೆರೆ ತೋರಿಸಲು ಕರೆದೊಯ್ದಳು. ತನ್ನ ಮಗಳು ಸಿಂಧನೂರಿನಲ್ಲಿ ನರ್ಸಿಂಗ್ ಓದುತ್ತಿರುವುದನ್ನು ಅವಳು ಹೇಳಿದ್ದು ಹುಡುಗಿಗೆ, ನಮಗಲ್ಲ. ಹೊರಡುವಾಗ ನಮ್ಮನ್ನು ಗೇಟಿನವರೆಗೆ ಕಳಿಸಿಕೊಟ್ಟಳು. ಮತ್ತೆ ಬನ್ನಿ ಅನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ.

ಆಟೋದಲ್ಲಿ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗಳು ಅದನ್ನು ನೋಡಿದರೂ ಏನೂ ಅನ್ನದೆ, ಅವ್ವನ ತೋಳಿಗೆ ಒರಗಿ ಕೂತಳು.

ಈಗಲೂ ಅಂಗಡಿಯಲ್ಲಿ ಹುಡುಗಿಯರು ಕೇಳುತ್ತಾರೆ, ಅಂಥವರೇ ಮುಂದೆ ಬರುತ್ತಾರೇನು ಎಂದು. ಬರುತ್ತಾರೆ, ಕೆಲವರು ಬರುತ್ತಾರೆ ಎಂದು ಹೇಳುತ್ತೇನೆ. ನಮ್ಮ ಅತ್ತಿಗೆ ಬಂದಿದ್ದಾಳೆ. ಒಳ್ಳೆಯ ಗಂಡ, ತುಂಬಿದ ಮನೆ, ಓಣಿಯಲ್ಲಿ ಅವಳ ಮಾತಿಗೆ ಬೆಲೆ ಇದೆ. ಕ್ಯಾಂಪಿನ ಮನೆಯಲ್ಲೂ ಉಣ್ಣಲು ಉಡಲು ಕೊರತೆ ಇಲ್ಲ. ಆದರೆ ಆ ಹೆಂಗಸು ಆಗಬೇಕೆಂದಿದ್ದ ನರ್ಸ್ ಎಲ್ಲಿಯೂ ಇಲ್ಲ. ಇದನ್ನು ಹೇಗೆ ಕೂಡಿ ಹೇಗೆ ಕಳೆಯಬೇಕೋ ನನಗೆ ತಿಳಿಯುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಮಾತ್ರ ಈಗ ಹೇಳುವುದಿಲ್ಲ. ಒಬ್ಬಳೇ ಇರಬೇಡ, ನಿನ್ನ ನಂತರ ಯಾರ ಸರದಿ ಎಂದು ನೋಡಿಕೊಂಡು ಅವಳ ಪಕ್ಕ ಹೋಗಿ ನಿಲ್ಲು ಎನ್ನುತ್ತೇನೆ.

ಮಸ್ಕಿಯ ಶಾಲೆಯವರು ಆ ವಿಡಿಯೋವನ್ನು ಗ್ರೂಪಿನಿಂದ ತೆಗೆಸಿದರು. ಕಾಗೆಯ ಚಿತ್ರ ಹಾಕಿದ ಹುಡುಗಿ ಈ ವರ್ಷವೂ ತರಗತಿಗೆ ಮೊದಲನೆಯವಳು. ಅವಳ ನಗು ಪೂರ್ತಿ ನಿಂತಿಲ್ಲವಂತೆ, ಕಡಿಮೆಯಾಗಿದೆಯಂತೆ. ಅಣ್ಣನ ಮಗಳ ಪಕ್ಕ ಈಗ ಒಬ್ಬ ಗೆಳತಿ ಕೂರುತ್ತಾಳೆ. ಇಬ್ಬರೂ ಸೇರಿ ಏನೇನೋ ಪಿಸುಗುಟ್ಟುತ್ತಾರೆಂದು ಅತ್ತಿಗೆಗೆ ಸಣ್ಣ ಹೊಟ್ಟೆಕಿಚ್ಚು.

ಮೊನ್ನೆ ಸಂಜೆ ಅತ್ತಿಗೆ ಫೋನ್ ಮಾಡಿದಳು. ಹಿಂದೆ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

“ಇವತ್ತು ಒಂದು ದೊಡ್ಡ ಕತಿ ಹೇಳ್ಯಾಳಲೇ ನಿನ್ನ ಸೋದರಸೊಸಿ. ಸಾಲ್ಯಾಗ ಮಂಗ್ಯಾ ಬಂದಿತ್ತಂತ. ಕಿಟಕ್ಯಾಗ ಕೈ ಹಾಕಿ ಮಾಸ್ತರ ಡಬ್ಬಿ ಒಯ್ತಂತ.”

“ಪಾತ್ರಿ ಯಾಕ ಅಷ್ಟು ತಿಕ್ಕಾಕತ್ತೀದಿ?”

“ಹಾಲು ಉಕ್ಕಿ ಒಲಿ ತುಂಬ ಹರದಾವ. ತಳ ಹತ್ತೈತಿ. ಅಕಿ ‘ಕಿಟಕಿ’ ಅನ್ನಾಕತ್ತಿದ್ದಳು, ನಾ ಹೆಂಗ ಏಳ್ಲಿ?”